ಸಂಜೆಗೆ ಪೂರ್ವ, ಮುಂಜಾನೆಗೆ ಪಶ್ಚಿಮ

ನಮ್ಮ ಮನೆಯಲ್ಲಿ ಇದ್ದವರು ಮೂರೇ ಜನ: ಅಪ್ಪಾಜಿ, ಅಮ್ಮ, ನಾನು. ಕಾಗದನಗರದ ಕ್ವಾರ್ಟರ್ಸ್ ಸಾಲಿನಲ್ಲಿ ಕೊನೆಯ ಮನೆ. ಮುಂದೊಂದು ಕೋಣೆ, ನಡುವೊಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ನಲ್ಲಿಕಟ್ಟೆ ಮತ್ತು ಒಂದು ನುಗ್ಗೆ ಮರ. ಒಲೆಯ ಮೇಲೆ ಒಗ್ಗರಣೆ ಸಿಡಿದರೆ ಮುಂದಿನ ಕೋಣೆಯಲ್ಲಿ ಕೂತವರಿಗೆ ಸೀನು ಬರುವಷ್ಟು ಚಿಕ್ಕ ಮನೆ. ಅಂಥ ಮನೆಯಲ್ಲೂ ಅಮ್ಮ ಒಳಗಿಂದ ಕೇಳಿದ ಮಾತಿಗೆ ಅಪ್ಪಾಜಿ ಹೊರಗಿನಿಂದ ಉತ್ತರ ಕೊಡುತ್ತಿರಲಿಲ್ಲ. ಮೊದಮೊದಲು ಅಮ್ಮ ಎರಡು ಸಲ ಕೇಳುತ್ತಿದ್ದಳು. ಮೂರನೆಯ ಸಲ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟುತ್ತಿದ್ದಳು. ಬರಬರುತ್ತಾ ಅವಳು ಕೇಳುವುದೇ ಅಪರೂಪವಾಯಿತು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಅಪ್ಪಾಜಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಇಬ್ಬರ ನಡುವೆ ಕೂತು ನಾನು ಅಕ್ಕಿರೊಟ್ಟಿಯನ್ನು ಚೂರು ಚೂರು ಮಾಡುತ್ತಾ, ಯಾರಾದರೊಬ್ಬರು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಬೇರೆಯವರ ಮನೆಯ ಜಗಳ ಗೋಡೆ ದಾಟಿ ಬಂದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಪ್ಪಾಜಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕಾಶೆ ಬರೆಯುವವರು. ದಿನವಿಡೀ ಎತ್ತರದ ಸ್ಟೂಲಿನ ಮೇಲೆ ಕೂತು, ಪೆನ್ಸಿಲ್ಲು ಸ್ಕೇಲು ಹಿಡಿದು, ಯಾರೊಂದಿಗೂ ಮಾತಾಡದೆ ಮಾಡುವ ಕೆಲಸ. ಅವರ ಕೈಬರಹ ಅಚ್ಚಿನ ಹಾಗಿರುತ್ತಿತ್ತು. ಸಂಜೆ ಐದೂವರೆಗೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಅವರು ಕೂರುತ್ತಿದ್ದುದು ರೇಡಿಯೊ ಮುಂದೆ. ಹಾಡು ಕೇಳುವುದಕ್ಕಲ್ಲ, ವಾರ್ತೆ ಕೇಳುವುದಕ್ಕೂ ಅಲ್ಲ. ನಮ್ಮೂರಿನದೇ ರೇಡಿಯೊ ಕೇಂದ್ರ ಕೂಗಳತೆಯಲ್ಲಿತ್ತು. ಅದು ಅವರಿಗೆ ಬೇಡವಾಗಿತ್ತು. ಅದರ ದೊಡ್ಡ ದನಿಯ ಮರೆಯಲ್ಲಿ ಎಲ್ಲೋ ಸಾವಿರಾರು ಮೈಲಿಯಾಚೆಯಿಂದ ನೊಣ ಗುಂಯ್ ಅಂದಂತೆ ಬರುವ ಪರದೇಶದ ಕೇಂದ್ರಗಳು ಅವರಿಗೆ ಬೇಕಾಗಿದ್ದವು. ಅದಕ್ಕೆಂದೇ ಮಂಚದ ಚೌಕಟ್ಟಿನಷ್ಟು ದೊಡ್ಡದೊಂದು ಮರದ ಚೌಕ ಮಾಡಿ, ಅದಕ್ಕೆ ತಾಮ್ರದ ತಂತಿ ಸುತ್ತಿ, ರೇಡಿಯೊ ಪಕ್ಕದಲ್ಲಿ ನಿಲ್ಲಿಸಿದ್ದರು. ಚೌಕವನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಹತ್ತಿರದ ಕೇಂದ್ರ ಸಣ್ಣಗಾಗಿ, ದೂರದ್ದು ಮೇಲೆದ್ದು ಬರುತ್ತಿತ್ತು. ಮಳೆಗಾಲದಲ್ಲಿ ಅಮ್ಮ ಅದರ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು. ಅಪ್ಪಾಜಿ ಮಾತಿಲ್ಲದೆ ಸೀರೆ ತೆಗೆದು ಕುರ್ಚಿಯ ಮೇಲೆ ಹಾಕುತ್ತಿದ್ದರು. ಅಮ್ಮ ಬಂದು ಮಾತಿಲ್ಲದೆ ಮತ್ತೆ ಹರವುತ್ತಿದ್ದಳು. ನಮ್ಮ ಮನೆಯ ಜಗಳ ಎಂದರೆ ಇಷ್ಟೆ.

ಕತ್ತಲಾದ ದಾರಿಯಲ್ಲಿ ರೇಡಿಯೊ ಅಲೆ ದೂರ ಹೋಗುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವರು ಅವರು. ನಮಗೆ ಸೂರ್ಯ ಮುಳುಗುವಾಗ ಪೂರ್ವದ ದೇಶಗಳಲ್ಲಿ ಆಗಲೇ ರಾತ್ರಿ. ಆ ಕಡೆಯವು ಮೊದಲು ಕೇಳಿಸುತ್ತವೆ. ನಮಗೆ ಬೆಳಗಾಗುವಾಗ ಪಶ್ಚಿಮದಲ್ಲಿ ಇನ್ನೂ ಕತ್ತಲೆ. ಅರಬ್ಬಿ ಸಮುದ್ರದಾಚೆಯವು ಆಗ ಸಿಗುತ್ತವೆ. "ಸಂಜೆಗೆ ಪೂರ್ವ, ಮುಂಜಾನೆಗೆ ಪಶ್ಚಿಮ" ಎನ್ನುವುದನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಕೇಳಿಸಿದ್ದನ್ನು ಅಪ್ಪಾಜಿ ಒಂದು ಹಾಳೆಯ ಮೇಲೆ ಬರೆಯುತ್ತಿದ್ದರು: ಎಷ್ಟು ಗಂಟೆಗೆ, ರೇಡಿಯೊದ ಮುಳ್ಳು ಎಲ್ಲಿದ್ದಾಗ, ಮಾತಾಡಿದವರು ಗಂಡಸೋ ಹೆಂಗಸೋ, ಯಾವ ವಾದ್ಯ. ಅದನ್ನು ಇಂಗ್ಲಿಷಿನಲ್ಲಿ ಕಾಗದ ಮಾಡಿ ಆ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬರೆದದ್ದು ಸರಿಯಿದ್ದರೆ ತಿಂಗಳುಗಳ ಮೇಲೆ ಅಲ್ಲಿಂದ ಒಂದು ಬಣ್ಣದ ಕಾರ್ಡು ಬರುತ್ತಿತ್ತು, ನೀವು ಕೇಳಿದ್ದು ನಮ್ಮನ್ನೇ, ನಿಜ ಎಂದು. ಅಂಥವು ನಲವತ್ತಕ್ಕೂ ಹೆಚ್ಚು ಅವರ ಟ್ರಂಕಿನಲ್ಲಿದ್ದವು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವರು ಇಯರ್‌ಫೋನನ್ನು ತಮ್ಮ ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ನಿನ್ನ ಕಿವಿ ಎಳೇದು ಪುಟ್ಟಿ. ಸಣ್ಣ ದನೀನ ಚೆನ್ನಾಗಿ ಹಿಡಿಯುತ್ತೆ. ನೀನು ಕೇಳಿಸ್ಕೊಂಡು ಹೇಳು, ನಾನು ಬರ್ಕೋತೀನಿ."

ಆ ದಿನದಿಂದ ನನಗೆ ಮನೆಯಲ್ಲಿ ಒಂದು ಜಾಗ ಸಿಕ್ಕಿತು. ಶಾಲೆಯಿಂದ ಬಂದವಳೇ ಕಾಲು ತೊಳೆದು ರೇಡಿಯೊ ಮುಂದೆ ಕೂರುತ್ತಿದ್ದೆ. ಬೀದಿಯಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯರು ಕೆಲ ದಿನ ಕರೆದು ಆಮೇಲೆ ಕರೆಯುವುದನ್ನು ಬಿಟ್ಟರು. ಕಿವಿಯೊಳಗೆ ಹುರಿಗಡಲೆ ಹುರಿಯುವಂಥ ಸದ್ದು, ಅದರೊಳಗಿಂದ ಯಾವುದೋ ಭಾಷೆಯ ಎರಡು ಪದ, ಮತ್ತೆ ಮುಳುಗು. "ಹೆಂಗಸು ಅಪ್ಪಾಜಿ." "ಈಗ ಕೊಳಲು." "ಈಗ ಟೈಮಿನ ಪಿಪ್ ಪಿಪ್." ನಾನು ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಬೇರೆ ಯಾರೂ ಇರಲಿಲ್ಲ. ಅದು ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿಯೂ ಇತ್ತು. ಆದರೆ ಅವರು ನೋಡುತ್ತಿದ್ದುದು ನನ್ನ ತುಟಿಗಳನ್ನು.

ಆ ವರ್ಷ ಅಪ್ಪಾಜಿಗೆ ಒಂದು ಹುಚ್ಚು ಹಿಡಿದಿತ್ತು. ಅಂಡಮಾನಿಗಿಂತಲೂ ಬಹಳ ಆಚೆ, ಪೂರ್ವ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ. ಅಲ್ಲೊಂದು ಪುಟ್ಟ ಕೇಂದ್ರ. ಅದು ಈ ಕಡೆ ಯಾರಿಗೂ ಸಿಕ್ಕಿರಲಿಲ್ಲವಂತೆ. ಭೂಪಟದಲ್ಲಿ ಆ ದ್ವೀಪವೇ ಇರಲಿಲ್ಲ. ಅವರೇ ಸೂಜಿಮೊನೆಯಂಥ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ದಿನವೂ ಆರರಿಂದ ಏಳರವರೆಗೆ ಅದರ ಮುಳ್ಳಿನ ಜಾಗದಲ್ಲೇ ಕಾದೆವು. ಒಂದು ವಾರ, ಎರಡು ವಾರ, ಒಂದು ತಿಂಗಳು. ಬರೀ ಗೊರಗೊರ. ಪೆನ್ಸಿಲ್ ಹಿಡಿದ ಅವರ ಕೈ ಹಾಳೆಯ ಮೇಲೆ ಹಾಗೇ ನಿಂತಿರುತ್ತಿತ್ತು. ಒಂದು ಸಂಜೆ ಅವರು ಬಹಳ ದಣಿದು ಬಂದಿದ್ದರು. ಅಮ್ಮ ಕಾಫಿ ಲೋಟವನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟು ಹೋಗಿದ್ದಳು. ಆ ಮುಖ ನೋಡಲಾಗದೆ ನಾನು ಬಾಯಿ ಬಿಟ್ಟೆ.

"ಅಪ್ಪಾಜಿ, ಬರ್ತಾ ಇದೆ!"

ಏನೂ ಬರುತ್ತಿರಲಿಲ್ಲ. ಆದರೆ ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. ಒಬ್ಬ ಹೆಂಗಸು ಮಾತಾಡ್ತಿದ್ದಾಳೆ ಎಂದೆ. ತಂತಿವಾದ್ಯ ಎಂದೆ. ಆಮೇಲೆ ಗಂಟೆ ಹೊಡೀತಿದೆ ಎಂದೆ. ಅಪ್ಪಾಜಿಯ ಪೆನ್ಸಿಲ್ ಓಡಿತು. ಇಷ್ಟು ದಿನ ಕಾದ ಕೇಂದ್ರವಲ್ಲವೇ, ಅವರು ತಡೆಯಲಾರದೆ ಕೈಚಾಚಿ ಇಯರ್‌ಫೋನನ್ನು ತಮ್ಮ ಕಿವಿಗಿಟ್ಟುಕೊಂಡರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಮುಖ ಅರಳಿತು.

"ಹೌದು, ಗಂಟೆ. ಮೂರು ಹೊಡೀತಾ, ನಾಲ್ಕಾ?"

"ನಾಲ್ಕು," ಎಂದೆ.

"ಹೂಂ. ನನಗೂ ನಾಲ್ಕು ಅಂತಲೇ ಅನ್ನಿಸ್ತು."

ಅವರೂ ಸುಳ್ಳು ಹೇಳುತ್ತಿದ್ದಾರೆ ಎಂದಷ್ಟೇ ಆಗ ಹೊಳೆಯಿತು. ಯಾಕೆ ಎಂದು ಗೊತ್ತಾಗಲಿಲ್ಲ. ಮಾರನೆಯ ದಿನ ಅವರು ಕಾಗದ ಬರೆಯುತ್ತಾ ಕೂತಿದ್ದಾಗ ಹಿಂದೆ ನಿಂತು ಮೆಲ್ಲಗೆ "ಅಪ್ಪಾಜಿ" ಅಂದೆ. ಕತ್ತು ತಿರುಗಲಿಲ್ಲ. ಜೋರಾಗಿ ಅಂದೆ. ಆಗಲೂ ಇಲ್ಲ. ಒಳಗಿಂದ ಸ್ಟೀಲಿನ ತಟ್ಟೆ ತಂದು ಅವರ ಬೆನ್ನ ಹಿಂದೆ ಕೈಬಿಟ್ಟೆ. ಅದು ಗಿರಕಿ ಹೊಡೆದು ಸದ್ದು ಮಾಡಿ ಮಲಗಿತು. ಅಡುಗೆಮನೆಯಿಂದ ಅಮ್ಮ "ಏನೇ ಅದು ಬೀಳ್ಸಿದ್ದು?" ಎಂದು ಕೂಗಿದಳು. ಅಪ್ಪಾಜಿ ಮಾತ್ರ ಒಂದು ಸಾಲು ಮುಗಿಸಿ, ಪೆನ್ನು ಮಸಿಯಲ್ಲಿ ಅದ್ದಿ, ಮುಂದಿನ ಸಾಲು ಶುರುಮಾಡಿದರು. ನಾನು ತಟ್ಟೆ ಎತ್ತಿಕೊಂಡು ನಲ್ಲಿಕಟ್ಟೆಗೆ ಹೋಗಿ ತುಂಬಾ ಹೊತ್ತು ತೊಳೆದೆ. ಅಮ್ಮ ವರ್ಷಗಟ್ಟಲೆ ಕೇಳಿದ್ದು, ಸೌಟು ಕುಟ್ಟಿದ್ದು, ಮುನಿಸಿಕೊಂಡದ್ದು ಎಲ್ಲ ಒಂದೊಂದಾಗಿ ನೆನಪಾಯಿತು. ಅವರು ಅವಳನ್ನು ಅಸಡ್ಡೆ ಮಾಡಿರಲಿಲ್ಲ. ಅವರಿಗೆ ಕೇಳಿಸಿಯೇ ಇರಲಿಲ್ಲ.

ಹೇಳಬಹುದಿತ್ತು. ಹೇಳಿದರೆ ನನ್ನ ಸುಳ್ಳನ್ನೂ ಹೇಳಬೇಕಿತ್ತು; ಬಾಯಿ ಮುಚ್ಚಿಕೊಂಡೆ. ಆ ಕಾಗದ ದ್ವೀಪಕ್ಕೆ ಹೋಯಿತು. ಅಮ್ಮ ಏನಾದರೂ ಕೇಳಿದರೆ ನಾನು ಮುಂದಿನ ಕೋಣೆಗೆ ಓಡಿ ಅಪ್ಪಾಜಿಯ ಎದುರು ನಿಂತು ಅದನ್ನೇ ಇನ್ನೊಮ್ಮೆ ಹೇಳತೊಡಗಿದೆ. ಕೆಲವು ಸಲ ಅವರ ಪರವಾಗಿ ನಾನೇ ಉತ್ತರ ಕೊಡುತ್ತಿದ್ದೆ. "ನಿನ್ನನ್ನ ಕೇಳಿದ್ನಾ?" ಎಂದು ಅಮ್ಮ ಸಿಡುಕುತ್ತಿದ್ದಳು. ಗೊತ್ತಿದ್ದದ್ದನ್ನು ಹೇಳಲಾಗದವರಿಗೆ ಮನೆಯಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ. ನಾನು ನುಗ್ಗೆ ಮರದ ಕೆಳಗೆ ಕೂತು ಹೋಂವರ್ಕ್ ಮಾಡತೊಡಗಿದೆ.

ನಾಲ್ಕು ತಿಂಗಳ ಮೇಲೆ ದ್ವೀಪದಿಂದ ಉತ್ತರ ಬಂತು. ಕಾರ್ಡಲ್ಲ, ಟೈಪು ಮಾಡಿದ ಅರ್ಧ ಹಾಳೆ. ನೀವು ಬರೆದಿರುವ ವಾರ ನಮ್ಮ ಟ್ರಾನ್ಸ್‌ಮಿಟರ್ ರಿಪೇರಿಯಲ್ಲಿತ್ತು, ಪ್ರಸಾರವೇ ಇರಲಿಲ್ಲ, ನೀವು ಬೇರೆ ಯಾವುದನ್ನೋ ಕೇಳಿರಬೇಕು ಎಂದು ವಿನಯವಾಗಿ ಬರೆದಿದ್ದರು. ಅಪ್ಪಾಜಿ ಅದನ್ನು ಎರಡು ಸಲ ಓದಿದರು. ನನ್ನ ಕಡೆ ನೋಡಲಿಲ್ಲ. ಆ ಸಂಜೆ ರೇಡಿಯೊ ಹಾಕಲಿಲ್ಲ. ಬೆಳಿಗ್ಗೆ ನನ್ನ ಸ್ಕೂಲ್ ಬ್ಯಾಗಿನ ಮೇಲೆ ಅವರ ಅಚ್ಚಿನಂಥ ಅಕ್ಷರದ ಒಂದು ಕಾಗದ ಬಿಚ್ಚಿಟ್ಟಿತ್ತು.

"ಪೋಸ್ಟಿಗೆ ಹಾಕೋ ಮುಂಚೆ ಸ್ಪೆಲ್ಲಿಂಗ್ ನೋಡು ಪುಟ್ಟಿ," ಎಂದರು ಅಪ್ಪಾಜಿ.

ಅವರ ಸ್ಪೆಲ್ಲಿಂಗ್ ನೋಡಲು ನಾನು ಯಾರು? ಇದ್ದ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ತಪ್ಪಿಗೆ ಕ್ಷಮೆ ಇರಲಿ, ನನಗೆ ಕೆಲವು ವರ್ಷಗಳಿಂದ ಕಿವಿ ಸರಿಯಾಗಿ ಕೇಳುವುದಿಲ್ಲ, ನನ್ನ ಮಗಳು ನನಗಾಗಿ ಕೇಳುತ್ತಾಳೆ, ಅವಳಿನ್ನೂ ಮಗು, ತಪ್ಪು ನನ್ನದು ಎಂದು ಬರೆದಿದ್ದರು. ಹೆಂಡತಿಗೆ ಹೇಳದ್ದನ್ನು, ಆಫೀಸಿನಲ್ಲಿ ಯಾರಿಗೂ ಹೇಳದ್ದನ್ನು, ಎಂದೂ ಕಾಣದ ಒಬ್ಬ ಮನುಷ್ಯನಿಗೆ ಸಮುದ್ರದಾಚೆ ಬರೆದಿದ್ದರು. ನಾನು ಅವರ ಎದುರು ಹೋಗಿ ನಿಂತೆ.

"ನಾನು ಸುಳ್ಳು ಹೇಳಿದ್ದೆ ಅಪ್ಪಾಜಿ. ಗಂಟೆ ಹೊಡೀಲಿಲ್ಲ."

"ನಾನೂ ಸುಳ್ಳು ಹೇಳ್ದೆ," ಎಂದರು. ಆಮೇಲೆ ದನಿ ತಗ್ಗಿಸಿದರು. ತಗ್ಗಿಸಿದ್ದೇನೆ ಎಂದುಕೊಂಡಿದ್ದರು; ದನಿ ದೊಡ್ಡದಾಗಿಯೇ ಇತ್ತು. ಪುಣ್ಯಕ್ಕೆ ಅಮ್ಮ ಹಾಲು ತರಲು ಹೋಗಿದ್ದಳು. "ಅಮ್ಮಂಗೆ ಹೇಳ್ಬೇಡ. ನಮ್ಮಪ್ಪಂಗೂ ನಲವತ್ತಕ್ಕೇ ಕಿವಿ ಹೋಗಿತ್ತು. ನಿಮ್ಮಮ್ಮನ ಕಡೆಯೋರು ಹೆಣ್ಣು ಕೊಡೋ ಮುಂಚೆ ಕೇಳಿದ್ರು, ಅದು ವಂಶದಲ್ಲಿ ಬರುತ್ತಾ ಅಂತ. ನಮ್ಮೋರು ಇಲ್ಲ ಅಂದ್ರು. ನಾನೂ ಅಲ್ಲೇ ಕೂತಿದ್ದೆ. ಸುಮ್ನಿದ್ದೆ."

ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಕಾಗದವನ್ನು ಪೋಸ್ಟ್ ಡಬ್ಬಿಗೆ ಹಾಕಿ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಕೈಯಿಂದ ನನ್ನ ಒಂದು ಕಿವಿ ಮುಚ್ಚಿ, ತೆಗೆದು, ಇನ್ನೊಂದು ಮುಚ್ಚಿ, ತೆಗೆದು ನೋಡಿದೆ.

ಮಾತು ಉಳಿಸಿಕೊಳ್ಳಲು ನನ್ನಿಂದ ಆದದ್ದು ಎರಡೇ ತಿಂಗಳು. ನಮ್ಮ ಪಕ್ಕದ ಸಾಲಿನಲ್ಲಿ ಜಮೀಲಾ ಆಂಟಿ ಇದ್ದರು. ಅವರ ಗಂಡ ಲಾರಿ ಓಡಿಸುತ್ತಿದ್ದರು. ಒಂದು ಸಂಜೆ ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ ಆಂಟಿ ಹಿತ್ತಲ ಬಾಗಿಲಿಗೇ ಬಂದು ನಿಂತರು.

"ನೋಡಿ ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಹೊಳೆ ಸೇತುವೆ ಹತ್ರ ನಿಮ್ ಯಜಮಾನ್ರು ಸೈಕಲ್ ಮೇಲೆ ಮುಂದೆ ಹೋಗ್ತಾ ಇದ್ರಂತೆ. ನಮ್ಮೋರು ಹಾರ್ನ್ ಹೊಡ್ದು ಹೊಡ್ದು ಸಾಕಾದ್ರು. ಪಕ್ಕಕ್ಕೆ ಸರೀಲೇ ಇಲ್ಲ. ಬ್ರೇಕ್ ಹಾಕಿ ಗಾಡಿ ನಿಲ್ಸಿದ್ರು, ಒಂದು ಮೊಳ ದೂರ ಅಷ್ಟೆ. ಯಾವ ಖಯಾಲ್‌ನಲ್ಲಿ ಇರ್ತಾರೆ ಅವ್ರು?"

"ಇನ್ಯಾವ್ದು, ಆ ಹಾಳು ರೇಡಿಯೋದ್ದೇ," ಎಂದಳು ಅಮ್ಮ. ಆಂಟಿ ಹೋದ ಮೇಲೂ ಬಯ್ಯುತ್ತಲೇ ಇದ್ದಳು. ನನಗೆ ಕಾಣುತ್ತಿದ್ದುದು ಆ ಒಂದು ಮೊಳ. ಅಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಅಪ್ಪಾಜಿಗೆ ಕಿವಿ ಕೇಳಲ್ಲಮ್ಮ. ಹಾರ್ನೂ ಕೇಳಲ್ಲ. ನೀನು ಕರೆದಿದ್ದೂ ಕೇಳಲ್ಲ. ಮುಖ ನೋಡಿ ಮಾತಾಡಿದ್ರೆ ಮಾತ್ರ ಗೊತ್ತಾಗತ್ತೆ."

ಅಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಅಂಚಿನಿಂದ ಕಪ್ಪಾಗುತ್ತಾ ಬಂತು. ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

"ಆರು ತಿಂಗಳಿಂದ."

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಹೊಗೆಯಾಡುವ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದು ಪಕ್ಕಕ್ಕಿಟ್ಟಳು.

"ಅಪ್ಪ ಮಗಳು ಸೇರಿ ನನ್ನೊಬ್ಬಳನ್ನೇ ಹೊರಗಿಟ್ರಲ್ಲೇ ಮಾರಾಯ್ತಿ. ಇಷ್ಟು ವರ್ಷ ನಾನು ಬೇಡವಾದೋಳು ಅಂದ್ಕೊಂಡು ಬದುಕಿದ್ನಲ್ಲ."

ಅಪ್ಪಾಜಿ ಬಂದು ಎಂದಿನಂತೆ ಬಾಗಿಲ ಬಳಿ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ಅಮ್ಮ ಸದ್ದಿಲ್ಲದೆ ಅವರ ಹಿಂದೆ ಹೋಗಿ ನಿಂತು ಏನೋ ಹೇಳಿದಳು. ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಗಂಡನಿಗೆ ಎದುರು ನಿಂತು ಹೇಳುವ ಮಾತಾಗಿರಲಿಲ್ಲ ಅದು. ಇಲ್ಲಿ ಬರೆಯುವುದೂ ಸರಿಯಲ್ಲ. ಅವರು ತಿರುಗಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರ ಮುಂದೆ ಬಂದಳು. ಒಂದೊಂದೇ ಪದ ಬಿಡಿಸಿ ಹೇಳಿದಳು.

"ಕೈಕಾಲು ತೊಳ್ಕೊಂಡು ಬನ್ನಿ. ಊಟ ಬಡಿಸ್ತೀನಿ."

ಅಪ್ಪಾಜಿ ಅವಳನ್ನು ನೋಡಿದರು. ಆಮೇಲೆ ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದರು.

"ಹೇಳ್ಬಿಟ್ಯಾ," ಎಂದರು. ಅಷ್ಟೆ.

ಮುಂದಿನ ವಾರ ಇಬ್ಬರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಕಿವಿ ಡಾಕ್ಟರನ್ನು ಕಂಡು ಬಂದರು. ಅಪ್ಪಾಜಿಯ ಅಂಗಿ ಜೇಬಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಬಂತು, ಅದರಿಂದ ಕಿವಿಗೊಂದು ತಂತಿ. ಸೈಕಲ್ ನಿಂತಿತು, ಆಫೀಸಿಗೆ ನಡೆದು ಹೋಗತೊಡಗಿದರು. ಅಮ್ಮ ಮೊದಲ ಕೆಲವು ದಿನ ಮದುವೆಯ ಸುಳ್ಳಿಗಾಗಿ ಜಗಳವಾಡಿದಳು. ಎದುರು ಕೂತು, ಮುಖ ನೋಡಿ, ಸಾಲಿನವರಿಗೆಲ್ಲ ಕೇಳುವಂತೆ ಆಡಿದ ಜಗಳ. ಅಪ್ಪಾಜಿಯೂ ಅಷ್ಟೇ ಜೋರಾಗಿ ಉತ್ತರ ಕೊಟ್ಟರು. ಒಂದು ದಿನ ಜಗಳದ ನಡುವೆ ಅಮ್ಮನಿಗೆ ನಗು ಬಂತು. ಆಮೇಲೆ ದಿನವೂ ಸಂಜೆ ಇಬ್ಬರೂ ಮುಂದಿನ ಮೆಟ್ಟಿಲ ಮೇಲೆ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಾ ಮಾತಾಡುತ್ತಿದ್ದರು. ಎಷ್ಟು ವರ್ಷದ ಮಾತೋ, ಮುಗಿಯುತ್ತಲೇ ಇರಲಿಲ್ಲ. ನಾನು ಬಯಸಿದ್ದು ಇದನ್ನೇ. ಆದರೆ ಆ ಮೆಟ್ಟಿಲ ಮೇಲೆ ಇಬ್ಬರು ಕೂರುವಷ್ಟೇ ಜಾಗವಿತ್ತು.

ಯಂತ್ರ ಹಾಕಿಕೊಂಡು ಅಪ್ಪಾಜಿ ಒಂದೇ ಒಂದು ಸಲ ರೇಡಿಯೊ ಮುಂದೆ ಕೂತರು. ದೂರದ ದನಿಗಿಂತ ಗೊರಗೊರವೇ ಹತ್ತು ಪಟ್ಟಾಗಿ ಕಿವಿಗೆ ಚುಚ್ಚಿತಂತೆ. "ಇನ್ನು ನಂಗೆ ಸಾಕು ಪುಟ್ಟಿ," ಎಂದು ಎದ್ದರು. ಬೇಸರವೇನೂ ಕಾಣಲಿಲ್ಲ, ಹೊರಗೆ ಅಮ್ಮ ಕರೆಯುತ್ತಿದ್ದಳು, ಅದು ಅವರಿಗೆ ಕೇಳಿಸಿತು. ನಾನೊಬ್ಬಳೇ ಉಳಿದೆ. ಕೇಳಿಸಿದ್ದನ್ನು ಯಾರಿಗೆ ಹೇಳುವುದು? ಆದರೂ ಅಭ್ಯಾಸ ಬಲದಿಂದ ಕೂತೆ. ಆರು ಗಂಟೆಗೆ ಕೂತು ಕತ್ತಲಾಗುವುದನ್ನು ಕಿವಿಯಿಂದ ಕೇಳುತ್ತಿದ್ದೆ: ಮೊದಲು ಬರ್ಮಾದ ಕಡೆಯವು, ಆಮೇಲೆ ಇನ್ನೂ ಹತ್ತಿರದವು, ಒಂದರ ಮೇಲೊಂದು ಬಂದು ಎಲ್ಲ ಕಲಸಿಹೋಗುವವರೆಗೆ.

ಒಂದು ಮಾಘದ ಸಂಜೆ, ನಾವು ಕಾದಿದ್ದ ಆ ಮುಳ್ಳಿನ ಜಾಗದಲ್ಲಿ ಗೊರಗೊರ ತೆಳ್ಳಗಾಯಿತು. ಒಬ್ಬ ಗಂಡಸು ಬಹಳ ನಿಧಾನವಾಗಿ ಏನನ್ನೋ ಓದುತ್ತಿದ್ದ. ಆಮೇಲೆ ಮಕ್ಕಳು ಹಾಡಿದರು, ತಾಳ ತಪ್ಪಿ. ಮತ್ತೆ ಅದೇ ಗಂಡಸು ಕೇಂದ್ರದ ಹೆಸರು ಹೇಳಿದ. ದ್ವೀಪದ ಹೆಸರು. ಎರಡು ಸಲ. ನಾನು ಇಯರ್‌ಫೋನ್ ಕಿತ್ತು ಮೆಟ್ಟಿಲಿಗೆ ಓಡಿದೆ.

"ಅಪ್ಪಾಜಿ, ದ್ವೀಪ ಬಂತು! ಈಗ, ಈಗ ಬರ್ತಾ ಇದೆ!"

ಅಪ್ಪಾಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಮಗು ಬಿದ್ದು ಬಂದಾಗ ನೋಡುವಂತೆ ನೋಡಿದರು.

"ನಿಜವಾಗ್ಲೂ ಬಂತಾ?"

"ನಿಜವಾಗ್ಲೂ."

"ಹಾಗಾದ್ರೆ ನೀನೇ ಬರಿ. ನಿನ್ನ ಹೆಸರಲ್ಲೇ ಬರಿ," ಎಂದು ನನ್ನ ತಲೆ ಸವರಿ, ಮತ್ತೆ ಮೊರದ ಕಡೆ ತಿರುಗಿದರು. ಅವರು ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಬಂದು ನೋಡಿದರೆ ದ್ವೀಪ ಮುಳುಗಿಹೋಗಿತ್ತು. ಕೇಳಿದಷ್ಟನ್ನೇ ಬರೆದೆ. ಮಕ್ಕಳ ತಾಳ ತಪ್ಪಿದ್ದನ್ನೂ ಬರೆದೆ. ಕಾಗದ ಹೋಯಿತು. ಉತ್ತರ ಬರಲಿಲ್ಲ. ಮೊದಲು ಅಪ್ಪಾಜಿ ಆಗಾಗ "ಬಂತಾ?" ಎಂದು ಕೇಳುತ್ತಿದ್ದರು, ಮಳೆಗಾಲದ ಹೊತ್ತಿಗೆ ಅವರೂ ಮರೆತರು. ಆ ಸಂಜೆ ಆ ಕೋಣೆಯಲ್ಲಿ ನಾನು ಕೇಳಿದ್ದಕ್ಕೆ ಸಾಕ್ಷಿ ನಾನೊಬ್ಬಳೇ. ಹನ್ನೊಂದು ವರ್ಷದ ಹುಡುಗಿಗೆ ಅದು ದೊಡ್ಡ ಶಿಕ್ಷೆ ಅನ್ನಿಸಿತ್ತು. ಮುಂದೆ ಎಷ್ಟೋ ಸಲ, ಬೇರೆ ಬೇರೆ ವಿಷಯಗಳಲ್ಲಿ, ಯಾರೂ ನಂಬದಿದ್ದಾಗ ನಾನು ಕಾಲೂರಿ ನಿಂತದ್ದು ಆ ಜಾಗದಲ್ಲೇ.

ಅಪ್ಪಾಜಿ ಇಲ್ಲ, ಅಮ್ಮನೂ ಇಲ್ಲ. ನಾನು ಈಗ ಶಿವಮೊಗ್ಗದ ನವುಲೆಯಲ್ಲಿ ಒಬ್ಬಳೇ ಇದ್ದೇನೆ. ದೂರದ ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಉಳಿದವನ್ನು ಮನೆಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಕಿರಿಕಿರಿ ನುಂಗುತ್ತದೆ. ಹಾಗಾಗಿ ಸಂಜೆ ರೇಡಿಯೊ ಹಿಡಿದು ಕೃಷಿ ಕಾಲೇಜಿನ ಬೇಲಿಯ ಪಕ್ಕ, ಕರೆಂಟಿನ ತಂತಿಗಳಿಲ್ಲದ ಕಡೆ ಹೋಗಿ ಕಲ್ಲಿನ ಮೇಲೆ ಕೂರುತ್ತೇನೆ. ಬಲಗಿವಿ ಮಂದವಾಗಿ ಮೂರು ವರ್ಷವಾಯಿತು, ಎಡಗಿವಿ ಇನ್ನೂ ಇದೆ. ಅಲ್ಲಿನ ವಾಚ್‌ಮನ್‌ಗೆ ನನ್ನ ಗುರುತಿದೆ. ಮೊನ್ನೆ ಸೈಕಲ್ ನಿಲ್ಲಿಸಿ ಕೇಳಿದ.

"ಏನ್ ಮೇಡಂ, ಇವತ್ತು ಯಾವ ದೇಶ ಬಂತು?"

ಅವನಿಗೆ ನನ್ನಿಂದ ಏನಾದರೂ ಒಂದು ಕೇಳುವ ಆಸೆಯಿತ್ತು. ಒಂದು ಹೆಸರು ಹೇಳಿದ್ದರೆ ಖುಷಿಯಿಂದ ಹೋಗುತ್ತಿದ್ದ. ಸ್ವಲ್ಪ ಹೊತ್ತು ನಿಂತು ಮಾತನ್ನೂ ಆಡುತ್ತಿದ್ದನೇನೋ.

"ಇವತ್ತು ಏನೂ ಬರ್ಲಿಲ್ಲಪ್ಪ," ಎಂದೆ.